ಕಂಪನಿಯದೋ, ಕೆಂಪಿನದೋ

ಜುಲೈ 2

ಈ ಪುಸ್ತಕ ಕ್ಲಿನಿಕ್ಕಿನ ನರ್ಸಮ್ಮ ಕೊಟ್ಟದ್ದು. ದಿನಾ ಬೆಳಿಗ್ಗೆ ಬೆರಳು ಚುಚ್ಚಿ ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ಬರೆದಿಡಬೇಕಂತೆ. ಚುಚ್ಚಿದೆ. ಸೂಜಿ ಒಳಗೆ ಹೋದದ್ದು ಕಣ್ಣಿಗೆ ಕಂಡಿತು, ಬೆರಳಿಗೆ ತಿಳಿಯಲಿಲ್ಲ. ಸಂಖ್ಯೆ ಬರೆಯುವ ಮನಸ್ಸಾಗಲಿಲ್ಲ, ಅದಕ್ಕೇ ಇದನ್ನು ಗೀಚುತ್ತಿದ್ದೇನೆ.

ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಬೇರೆ ಯಾರದೋ ತಂದು ಅಂಟಿಸಿದ ಹಾಗಿವೆ. ನಮ್ಮ ಚೀನೀ ಹೊಸ ವರ್ಷಕ್ಕೆ ಕಿತ್ತಳೆ ಸುಲಿಯುವಾಗ ತುದಿಯಲ್ಲಿ ಜುಮುಜುಮು ಎನ್ನುತ್ತಿತ್ತು. ಈಗ ಅದೂ ಇಲ್ಲ.

"ಅಂಕಲ್, ಅರವತ್ತೊಂದಾಯ್ತು ನಿಮ್ಗೆ. ಇನ್ನೇನು ಪಿಟೀಲು ಬಾರಿಸ್ಬೇಕಾ?" ಎಂದಳು ನರ್ಸಮ್ಮ. ಅವಳಿಗೆ ಹೇಗೆ ಹೇಳಲಿ? ಎಂಜಿನ್ನಿನ ಮುಂದೆ ಹಲ್ಲು ಹಲ್ಲಿನ ಒಂದು ರಬ್ಬರ್ ಬೆಲ್ಟ್ ಇರುತ್ತದೆ. ಕೆಳಗೆ ಕುಣಿಯುವ ಪಿಸ್ಟನ್ನುಗಳನ್ನೂ ಮೇಲೆ ತೆರೆದು ಮುಚ್ಚುವ ವಾಲ್ವುಗಳನ್ನೂ ಒಂದೇ ತಾಳಕ್ಕೆ ಕಟ್ಟಿಡುವುದು ಆ ಟೈಮಿಂಗ್ ಬೆಲ್ಟ್. ಅದು ಸಡಿಲವಾಗಿ ಹಲ್ಲು ಜಾರಿದರೆ ವಾಲ್ವು ಹೋಗಿ ಪಿಸ್ಟನ್ನಿಗೆ ಬಡಿದು ಎಂಜಿನ್ ಚಿಂದಿ. ಗಂಟೆಗೆ ಇನ್ನೂರು ಕಿಲೋಮೀಟರಿನಲ್ಲಿ ಹಾಗಾದರೆ ಒಳಗೆ ಕೂತವರ ಗತಿ ದೇವರೇ ಬಲ್ಲ. ಬಿಗಿ ಹೆಚ್ಚಾದರೆ ಬೇರಿಂಗು ಸುಟ್ಟು ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ. ಎರಡರ ನಡುವೆ ಕೂದಲೆಳೆಯಷ್ಟು ಜಾಗ. ಮೂವತ್ತೆಂಟು ವರ್ಷದಿಂದ ಆ ಜಾಗವನ್ನು ನಾನು ಹುಡುಕುತ್ತಿರುವುದು ಈ ಮೂರು ಬೆರಳಲ್ಲಿ ಬೆಲ್ಟನ್ನು ಹಿಡಿದು ತಿರುಚಿ. ನಮ್ಮೂರು ಇಪೋದಿಂದ ಪೆನಾಂಗ್‌ವರೆಗೆ ರೇಸಿನ ಕಾರು ಇಟ್ಟುಕೊಂಡವರ ಬಾಯಲ್ಲಿ "ಮೋಕ್ ಸಿಫು ಬೆರಳು" ಎಂದೇ ಮಾತು. ಮೋಕ್ ನನ್ನ ಹೆಸರು, ಸಿಫು ಎಂದರೆ ಗುರು. ಗುರುವಿನ ಬೆರಳು ಸತ್ತಿದೆ ಎಂದು ಗುರುವೇ ಹೇಗೆ ಸಾರಲಿ?

ಜುಲೈ 5

ಚಿಕ್ಗು ಮಸ್ತೂರಾ ಬಂದಿದ್ದರು. ಚಿಕ್ಗು ಎಂದರೆ ಟೀಚರು; ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾರೆ, ವಯಸ್ಸು ನಲವತ್ತಾರು, ತಲೆವಸ್ತ್ರದ ಮೇಲೆ ಹೆಲ್ಮೆಟ್ ಹಾಕಿಕೊಂಡರೆ ಬೇರೆಯೇ ಹೆಂಗಸು. ಈ ತಿಂಗಳ ಇಪ್ಪತ್ತೇಳಕ್ಕೆ ಸೆಪಾಂಗ್ ಟ್ರ್ಯಾಕಿನಲ್ಲಿ ಗಡಿಯಾರದ ಎದುರು ಓಟ, ಒಂದು ಸುತ್ತಿಗೆ ಎಷ್ಟು ಹೊತ್ತು ಎನ್ನುವುದೇ ಲೆಕ್ಕ. ಈ ಸಲ ಗಟ್ಟಿ ವಾಲ್ವ್ ಸ್ಪ್ರಿಂಗು ಹಾಕಿಸಿಕೊಂಡಿದ್ದಾರೆ, ಎಂಜಿನ್ ನಿಮಿಷಕ್ಕೆ ಎಂಟು ಸಾವಿರದ ನಾನೂರು ಸುತ್ತು ತಿರುಗಬೇಕು.

"ಸಿಫು, ಇದು ಅಳ್ತಾ ಇದೆ," ಎಂದರು.

ಮೇ ತಿಂಗಳಲ್ಲಿ ಬೆಲ್ಟು ಕೂರಿಸಿದವನು ನಾನೇ. ಬಿಗಿ ಹೆಚ್ಚಾದ ಬೆಲ್ಟಿನ ಕೀರಲು ದನಿ ಬೀದಿಯಿಂದಲೇ ನನಗೆ ಕೇಳಿಸಿತ್ತು. "ಹೊಸ ಬೆಲ್ಟು ಚಿಕ್ಗು, ಹೊಂದ್ಕೊಳ್ಳುತ್ತೆ," ಎಂದೆ.

"ಎರಡು ತಿಂಗಳಾಯ್ತಲ್ಲ. ಮದ್ವೆಯಾದ್ರೂ ಇಷ್ಟು ಹೊತ್ತಿಗೆ ಹೊಂದ್ಕೊಂಡಿರುತ್ತೆ."

ವಾಸುಗಿ ಕವರು ಬಿಚ್ಚಿದಳು. ಹನ್ನೊಂದು ವರ್ಷದಿಂದ ನನ್ನ ಜೊತೆ ಕೆಲಸ ಮಾಡುತ್ತಿದ್ದಾಳೆ. ಮಾತು ಕಡಿಮೆ. ರಾಟೆಯ ಬೇರಿಂಗು ಕಾದು ನೀಲಿಯಾಗಿತ್ತು. ಅದನ್ನು ನನ್ನ ಕಣ್ಣೆದುರು ಹಿಡಿದಳು.

"ಬೇರಿಂಗು ಕಳಪೆ," ಎಂದೆ. ಸುಳ್ಳು. ಆಮೇಲೆ ನನ್ನ ಬಾಯಿಂದ ಬಂದ ಮಾತಿಗೆ ನಾನೇ ಬೆಚ್ಚಿದೆ. "ಈ ಸಲ ಕಂಪನಿ ಟೆನ್ಷನರ್ ಹಾಕೋಣ."

ಇಬ್ಬರೂ ನನ್ನ ಮುಖ ನೋಡಿದರು. ನೋಡದೆ ಏನು? ಬೆಲ್ಟನ್ನು ಬಿಗಿಯಾಗಿ ಒತ್ತಿ ಹಿಡಿಯುವುದೇ ಟೆನ್ಷನರ್. ಕಾರಿನ ಕಂಪನಿಯದು ಎಣ್ಣೆ ತುಂಬಿದ ಪುಟ್ಟ ಕೊಳವೆ, ಅದರೊಳಗಿನ ಕಡ್ಡಿ ತಾನಾಗಿಯೇ ಬೆಲ್ಟನ್ನು ಒತ್ತುತ್ತದೆ. ಇಪ್ಪತ್ತು ವರ್ಷ ಅದನ್ನು ಎಣ್ಣೆ ಡಬ್ಬಿ ಎಂದು ಆಡಿಕೊಂಡವನು ನಾನು. ನನ್ನ ಅಂಗಡಿಯಲ್ಲಿ ಯಾವಾಗಲೂ ಹೊರಗಿನವರು ರೇಸಿಗೆಂದೇ ಮಾಡುವ ಕೆಂಪು ಬಣ್ಣದ್ದು. ಎಣ್ಣೆಯಿಲ್ಲ, ಸ್ಪ್ರಿಂಗಿಲ್ಲ. ಬೆರಳು ಅದನ್ನು ಎಲ್ಲಿ ನಿಲ್ಲಿಸುತ್ತದೋ ಅಲ್ಲೇ ಕಲ್ಲಿನ ಹಾಗೆ ನಿಲ್ಲುತ್ತದೆ.

ಕಂಪನಿಯದಕ್ಕೆ ಯಾರ ಬೆರಳೂ ಬೇಡ. ಅದಕ್ಕೇ ಆ ಮಾತು ಬಾಯಿಗೆ ಬಂತು. ಇಲ್ಲಾದರೂ ನಿಜ ಬರೆಯುತ್ತೇನೆ.

ಜುಲೈ 8

ಕಂಪನಿಯದು ಬಂತು. ಕಡ್ಡಿಯನ್ನು ಒಳಕ್ಕೆ ಒತ್ತಿ, ಅಡ್ಡಕ್ಕೊಂದು ತೆಳುವಾದ ಪಿನ್ನು ಚುಚ್ಚಿ ತಡೆದಿಟ್ಟು, ಆಮೇಲೆ ಎಂಜಿನ್ನಿಗೆ ಕೂರಿಸಬೇಕು. ಬೆಂಚಿನ ಮೇಲಿನ ಕಬ್ಬಿಣದ ಇಕ್ಕಳ, ವೈಸಿಗೆ ಸಿಕ್ಕಿಸಿ ಹಿಡಿ ತಿರುಗಿಸಿದೆ.

"ಸಿಫು, ನಿಧಾನ. ಐದು ನಿಮಿಷಕ್ಕಿಂತ ಜಾಸ್ತಿ ಹೊತ್ತು ತಗೊಂಡು ಒತ್ಬೇಕು ಅಂತ ಹಾಳೇಲಿ ಬರ್ದಿದೆ," ಎಂದಳು ವಾಸುಗಿ.

"ನೀನು ಹಾಳೆ ಓದಿ ಕಲಿತೆ, ನಾನು ಕೈಯಿಂದ ಕಲಿತೆ," ಎಂದು ಎರಡೇ ಸುತ್ತಿಗೆ ಹಿಂಡಿಬಿಟ್ಟೆ. ಪುಸಕ್ ಎಂದಿತು. ಒಳಗಿನ ಸೀಲು ಹರಿದುಹೋಯಿತು. ನಮ್ಮ ಕೆಲಸದವರು ಮಾತ್ರ ಮಾಡಬಲ್ಲ ದಡ್ಡತನ ಇದು. ಬೇರೆ ಯಾರಾದರೂ ಆಗಿದ್ದರೆ ಹೆದರಿ ಹಾಳೆ ಓದುತ್ತಿದ್ದರು.

"ಸಿಫು, ಕೈ ಒರೆಸ್ಕೊಳ್ಳಿ."

ನೋಡಿದರೆ ಎಣ್ಣೆ ಬೆರಳ ತುದಿಯಿಂದ ತೊಟ್ಟಿಕ್ಕಿ ಚಪ್ಪಲಿಯ ಮೇಲೆ ಬೀಳುತ್ತಿತ್ತು. ಎಷ್ಟು ಹೊತ್ತಿನಿಂದಲೋ. ವಾಸುಗಿ ಬಟ್ಟೆ ಕೊಟ್ಟು ಬೇರೆ ಕಡೆ ನೋಡಿದಳು.

ಜುಲೈ 9

ಕೆಟ್ಟ ಟೆನ್ಷನರನ್ನು ಎಸೆಯುವ ಮೊದಲು ಗರಗಸದಲ್ಲಿ ಸೀಳಿದೆ. ಸಿಟ್ಟಿಗೆ ಸೀಳಿದ್ದು. ಆಮೇಲೆ ಮಧ್ಯಾಹ್ನದ ಊಟ ಮರೆತೆ.

ಒಳಗೆ ಏನೂ ಇಲ್ಲ ಎಂದೇ ಹೇಳಬಹುದು. ಒಂದು ಸ್ಪ್ರಿಂಗು, ಒಂದಿಷ್ಟು ಮಂದ ಎಣ್ಣೆ, ಸಾಸಿವೆಗಿಂತ ಸ್ವಲ್ಪ ದಪ್ಪದ ಒಂದು ಉಕ್ಕಿನ ಗುಂಡು. ಆ ಗುಂಡು ಒಂದು ತೂತಿನ ಬಾಗಿಲಲ್ಲಿ ಕೂತಿದೆ. ಬೆಲ್ಟು ಸಡಿಲಾದರೆ ಗುಂಡು ಪಕ್ಕಕ್ಕೆ ಸರಿದು ಎಣ್ಣೆಯನ್ನು ಬಿಡುತ್ತದೆ, ಕಡ್ಡಿ ಥಟ್ಟನೆ ಮುಂದೆ ಬರುತ್ತದೆ. ಬೆಲ್ಟು ತಿರುಗಿ ಒತ್ತಿದರೆ ಗುಂಡು ಬಾಗಿಲು ಮುಚ್ಚುತ್ತದೆ. ಎಣ್ಣೆ ಕಡ್ಡಿಯ ಸುತ್ತಲಿನ ಸಂದಿಯಲ್ಲಿ ಮಾತ್ರ ಹಿಂದೆ ಹೋಗಬೇಕು, ಆ ಸಂದಿ ಭೂತಗನ್ನಡಿಯಲ್ಲೂ ನನಗೆ ಕಾಣಲಿಲ್ಲ. ಬರುವಾಗ ಓಡಿ ಬರುತ್ತದೆ, ಹೋಗುವಾಗ ತೆವಳಿಕೊಂಡು ಹೋಗುತ್ತದೆ. ಎಂಜಿನ್ ಕಾದು ಉಬ್ಬಿದರೆ ಅಷ್ಟೇ ಹಿಂದೆ, ತಣ್ಣಗಾದರೆ ಅಷ್ಟೇ ಮುಂದೆ.

ನನ್ನ ಬೆರಳು ಮೂವತ್ತೆಂಟು ವರ್ಷ ಮಾಡಿದ ಕೆಲಸವನ್ನು ಜಪಾನಿನಲ್ಲಿ ಯಾರೋ ಒಬ್ಬ ಸಾಸಿವೆ ಕಾಳಿಗೆ ಒಪ್ಪಿಸಿಬಿಟ್ಟಿದ್ದಾನೆ. ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ಇಂಥ ಎಷ್ಟು ನೂರು ಡಬ್ಬಿಗಳನ್ನು ನಾನು ಕಿತ್ತು ಗುಜರಿಗೆ ಹಾಕಿದೆ, ಒಂದನ್ನಾದರೂ ತೆರೆದು ನೋಡಲಿಲ್ಲ. ಮೈ ಜುಮ್ಮೆಂದಿತು. ಜೊತೆಗೆ ನಾಚಿಕೆಯೂ ಆಯಿತು.

ವಾಸುಗಿಯನ್ನು ಕರೆದು ತೋರಿಸಿದೆ. ಅವಳು ಗುಂಡನ್ನು ಅಂಗೈಯಲ್ಲಿ ಇಟ್ಟುಕೊಂಡು ಉಸಿರು ಬಿಗಿಹಿಡಿದು ನೋಡಿದಳು, ಎಲ್ಲಿ ಹಾರಿಹೋಗುತ್ತದೋ ಎಂದು.

ಜುಲೈ 11

ಇನ್ನೊಂದು ತರಿಸಿದೆ. ಈ ಸಲ ಗಡಿಯಾರ ಎದುರಿಗಿಟ್ಟುಕೊಂಡು ಹಿಂಡಿದೆ. ಏಳು ನಿಮಿಷ. ಎಣ್ಣೆಗೆ ದಾರಿ ಕೊಡುವಷ್ಟೇ ತಿರುಗಿಸುವುದು, ಕಾಯುವುದು. ಇಷ್ಟು ನಿಧಾನವಾಗಿ ನಾನು ಏನನ್ನೂ ಮಾಡಿದವನಲ್ಲ. ಹೆಂಡತಿ ಸೂಕ್ ಯಿಂಗ್ ಊಟದ ಡಬ್ಬಿ ತಂದವಳು ನಿಂತು ನೋಡಿ, "ಏನ್ ಮುದುಕಾ, ವೈಸಿಗೆ ಪೂಜೆ ಮಾಡ್ತಿದೀಯಾ?" ಎಂದಳು. ಹೌದು ಎಂದೆ.

ಕೂರಿಸಿ ಪಿನ್ನು ಎಳೆದು ಎಂಜಿನ್ನನ್ನು ಕೈಯಲ್ಲಿ ಆರು ಸುತ್ತು ತಿರುಗಿಸಿ ಕಾಲು ಗಂಟೆ ಬಿಟ್ಟೆವು. ಬಿಗಿ ಸರಿಯಿದ್ದರೆ ಅದೇ ಪಿನ್ನು ತಿರುಗಿ ಅದೇ ತೂತಿನಲ್ಲಿ ಅಡ್ಡಿಯಿಲ್ಲದೆ ಹೋಗಬೇಕಂತೆ. ಹೋಯಿತು. ಬೆಣ್ಣೆಯಲ್ಲಿ ಹೋದ ಹಾಗೆ ಹೋಗಿ ಬಂತು. ತಾನು ಸರಿಯಾಗಿದ್ದೇನೆ ಎಂದು ವಸ್ತುವೇ ಹೇಳುವುದನ್ನು ಮೊದಲ ಸಲ ನೋಡಿದೆ. ನಾಲ್ಕು ಸಲ ಹಾಕಿ ತೆಗೆದೆ. ಗುಟ್ಟು ಗುಟ್ಟಾಗಿಯೇ ಉಳಿಯಿತು ಎಂಬ ಸಮಾಧಾನವೂ ಇತ್ತು ಎನ್ನಿ.

ಜುಲೈ 13

ವಾಸುಗಿಯೇ ಕೇಳಿದಳು: "ಆ ಗಟ್ಟಿ ಸ್ಪ್ರಿಂಗಿಗೆ ಇದು ತಡೆಯುತ್ತಾ ಸಿಫು? ನೋಡ್ಬೇಕಲ್ವಾ?"

ನೋಡಬೇಕು. ಕಾರನ್ನು ನಿಂತಲ್ಲೇ ಉರುಳೆಗಳ ಮೇಲೆ ಓಡಿಸುವ ಡೈನೊಗೆ ಹತ್ತಿಸಿದೆವು. ಟೆನ್ಷನರಿನ ಕಡ್ಡಿಗೆ ಸುತ್ತ ಗ್ರೀಸು ಬಳಿದದ್ದು ಅವಳ ಉಪಾಯ. ಕಡ್ಡಿ ಹಿಂದೆ ಹೋದಷ್ಟೂ ಗ್ರೀಸು ಒರೆಸಿಹೋಗುತ್ತದೆ, ಅಳೆಯಬಹುದು.

ಆರು ಸಾವಿರ ಸುತ್ತಿಗೆ ಏನೂ ಇಲ್ಲ. ಏಳು ಸಾವಿರಕ್ಕೆ ಒಂದು ಮಿಲಿಮೀಟರು. ಏಳೂವರೆಗೆ ಎರಡೂವರೆ. ನಿಲ್ಲಿಸು ಎಂದು ಕೂಗಿದೆ. ಅಷ್ಟು ಹಿಂದೆ ಸರಿದರೆ ಬೆಲ್ಟು ಹಾವಿನ ಹಾಗೆ ಬಳುಕುತ್ತಿರುತ್ತದೆ, ಇನ್ನೊಂದು ಸಾವಿರ ಏರಿಸಿದರೆ ಹಲ್ಲು ಜಾರಿತೆಂದೇ ಲೆಕ್ಕ.

ಅದರ ತಪ್ಪಲ್ಲ. ಕಂಪನಿಯ ಮನುಷ್ಯ ಅದನ್ನು ಕಂಪನಿಯ ಸ್ಪ್ರಿಂಗಿಗೆ ಮಾಡಿದ್ದ. ಅಲ್ಲಿ ಅದರ ಹಾಗೆ ಇನ್ನೊಂದಿಲ್ಲ. ನಾವು ಅದರ ತಲೆಯ ಮೇಲೆ ಬೆಟ್ಟ ಹೊರಿಸಿದರೆ ಅದೇನು ಮಾಡೀತು?

ಚಿಕ್ಗು ಕಾರಿಗೆ ಕೆಂಪಿನದೇ ಬೇಕು. ಕೆಂಪಿನದಕ್ಕೆ ಬೆರಳು ಬೇಕು.

ಜುಲೈ 14

ಏಳು ಸಾವಿರ ದಾಟಿಸಬೇಡಿ ಎಂದು ಹೇಳಿ ಕಂಪನಿಯದನ್ನೇ ಬಿಡಬಹುದು. ಓಟದಲ್ಲಿ ಯಾರು ಮೀಟರಿನ ಮುಳ್ಳು ನೋಡಿಕೊಂಡು ಓಡಿಸುತ್ತಾರೆ? ಕೆಂಪಿನದು ಹಾಕಿ ಅಂದಾಜಿನಲ್ಲಿ ಬಿಗಿ ಮಾಡಬಹುದು, ಮೇ ತಿಂಗಳಲ್ಲಿ ಮಾಡಿದ ಹಾಗೆ.

ಮಾಡಬಹುದು ಎಂದು ಬರೆದೆನಲ್ಲ. ಎಂಥ ಮನುಷ್ಯ ನಾನು.

ಜುಲೈ 16

ಕೆಂಪಿನದು ಕೂರಿಸಿದೆ. ಬೆಲ್ಟು ಹಿಡಿದು ತಿರುಚಿದೆ, ಮತ್ತೆ ತಿರುಚಿದೆ. ರಬ್ಬರಿನ ಬದಲು ಗಾಳಿಯನ್ನು ಹಿಡಿದಿದ್ದರೂ ನನಗೆ ಅಷ್ಟೇ. "ಆಯ್ತು," ಎಂದೆ.

ವಾಸುಗಿ ಬಂದು ಎದುರು ನಿಂತಳು. "ಸಿಫು, ಕಣ್ಣು ಮುಚ್ಚಿ. ಕೈ ಕೊಡಿ."

"ಏನಮ್ಮ ಇದು, ಮಕ್ಕಳಾಟ?"

"ಕೊಡಿ."

ಕೊಟ್ಟೆ. "ಬೆರಳ ನಡುವೆ ಏನಿಟ್ಟಿದೀನಿ, ಹೇಳಿ," ಎಂದಳು.

ಸ್ವಲ್ಪ ಯೋಚಿಸಿ, "ವಾಷರು," ಎಂದೆ. ಸುಮ್ಮನಿದ್ದಳು. "ಅಲ್ಲ, ನಟ್ಟು. ಚಿಕ್ಕದು."

ಕಣ್ಣು ಬಿಟ್ಟೆ. ಬೆರಳ ನಡುವೆ ಏನೂ ಇರಲಿಲ್ಲ.

ಅವಳ ಕಣ್ಣಲ್ಲಿ ನೀರು. ನನಗೆ ಬಂದದ್ದು ಸಿಟ್ಟು. "ಹೋಗಿ ಊರಿಗೆಲ್ಲ ಹೇಳು, ಹೋಗು!" ಎಂದು ಕಿರುಚಿದೆ. ಅವಳು ಹೋಗಲಿಲ್ಲ. ಸ್ಟೂಲು ಎಳೆದುಕೊಟ್ಟಳು, ಕೂತೆ. ಎಷ್ಟು ದಿನದಿಂದ ಎಂದು ಕೇಳಿದಳು. ಹೇಳಿದೆ. ಹೇಳಿದ ಮೇಲೆ ಮೈಮೇಲಿಂದ ಎಂಜಿನ್ ಇಳಿಸಿದ ಹಾಗಾಯಿತು.

ಜುಲೈ 17

ಸಕ್ಕರೆ 13.6. ಏಳರ ಒಳಗಿರಬೇಕಂತೆ.

ಚಿಕ್ಗು ಶಾಲೆ ಬಿಡುವ ಹೊತ್ತಿಗೆ ಹೋಗಿ ಎದುರಿನ ಕಾಫಿ ಅಂಗಡಿಯಲ್ಲಿ ಕೂರಿಸಿಕೊಂಡು ಹೇಳಿದೆ. ಉತ್ತರಪತ್ರಿಕೆಗಳ ಕಟ್ಟು ಮೇಜಿನ ಮೇಲಿಟ್ಟು ಕೇಳಿಸಿಕೊಂಡರು.

"ಗೊತ್ತಿತ್ತು ಸಿಫು."

"ಏನು ಗೊತ್ತಿತ್ತು?"

"ಮೇ ತಿಂಗಳಲ್ಲಿ ಇಲ್ಲೇ ಕೂತಿದ್ವಿ. ಕುದಿಯೋ ಕಾಫಿ ಲೋಟ ನಾನು ಮುಟ್ಟಿ ಕೈ ಎಳ್ಕೊಂಡೆ. ನೀವು ಅದನ್ನೇ ಹಿಡ್ಕೊಂಡು ಹತ್ತು ನಿಮಿಷ ಟರ್ಬೊ ಬಗ್ಗೆ ಭಾಷಣ ಮಾಡಿದ್ರಿ."

ಭೂಮಿ ಬಾಯಿ ಬಿಡಬಾರದೇ ಎನಿಸಿತು. "ಗೊತ್ತಿದ್ದೂ ನಾನು ಬಿಗಿ ಮಾಡಿದ ಬೆಲ್ಟಲ್ಲಿ ಓಡಿಸ್ತಿದ್ರಾ?"

"ಓಡಿಸ್ಲಿಲ್ಲ. ಆವತ್ತಿನಿಂದ ನಾಲ್ಕು ಸಾವಿರ ದಾಟ್ಸಿಲ್ಲ, ಶಾಲೆಗೆ ಹೋಗಿ ಬರೋಕೆ ಅಷ್ಟು ಸಾಕು. ನೀವಾಗಿ ಹೇಳ್ತೀರಾ ಅಂತ ಕಾಯ್ತಿದ್ದೆ. ಬೇರೆ ಗ್ಯಾರೇಜಿಗೆ ಹೋಗಿದ್ರೆ ಮಾರನೇ ದಿನ ಇಪೋಗೆಲ್ಲ ಗೊತ್ತಾಗ್ತಿತ್ತು."

"ಓಟ ಹತ್ರ ಬಂದ್ರೂ ನಾನು ಹೇಳದೇ ಇದ್ದಿದ್ರೆ?"

"ಹೋಗ್ತಿರಲಿಲ್ಲ. ಹೊಟ್ಟೆನೋವು ಅಂತಿದ್ದೆ," ಎಂದು ನಕ್ಕರು. ಆ ಓಟಕ್ಕಾಗಿ ಅವರು ವರ್ಷವಿಡೀ ಭಾನುವಾರಗಳನ್ನು ಕೊಟ್ಟಿದ್ದಾರೆ. ಅಷ್ಟನ್ನೂ ನನ್ನ ಮರ್ಯಾದೆಗಾಗಿ ಕೈಬಿಡಲು ತಯಾರಾಗಿ ಕೂತಿದ್ದರು. ಮನುಷ್ಯರು ಇಷ್ಟು ದೊಡ್ಡವರಿರುತ್ತಾರೆಂದು ನನಗೆ ತಿಳಿದಿರಲಿಲ್ಲ. ಕಾಫಿ ಕುಡಿದೆ.

"ಬೆಲ್ಟು ವಾಸುಗಿ ನೋಡ್ಕೊಳ್ಳಲಿ," ಎಂದೆ ಕೊನೆಗೆ. "ನಾನು ಪಕ್ಕದಲ್ಲಿದ್ದು ಹೇಳಿಕೊಡ್ತೀನಿ."

ಜುಲೈ 20

ಸಕ್ಕರೆ 12.1.

ಹೇಳಿಕೊಡುವುದಕ್ಕೆ ಹೋದೆ. ತಣ್ಣಗಿದ್ದಾಗ ಸ್ವಲ್ಪ ಸಡಿಲ ಬಿಡಬೇಕು, ಅಲ್ಯುಮಿನಿಯಂ ಕಾದು ಉಬ್ಬಿದಾಗ ಬೆಲ್ಟು ತಾನೇ ಬಿಗಿಯಾಗುತ್ತದೆ, ಕಾಲು ಸುತ್ತು ತಿರುಚಿ ನೋಡು, ಇತ್ಯಾದಿ ಇತ್ಯಾದಿ. ವಾಸುಗಿ ತಲೆಯಾಡಿಸುತ್ತ ಕೇಳಿದಳು. ಆಮೇಲೆ ಎಡಗೈಯಲ್ಲಿ ಬೆಲ್ಟು ಹಿಡಿದು ಕಣ್ಣು ಮುಚ್ಚಿದಳು.

ಬೋಲ್ಟು ಸಡಿಲಿಸಿದಳು, ಬಿಗಿದಳು, ಮತ್ತೆ ಸಡಿಲಿಸಿದಳು. ಹನ್ನೊಂದನೇ ಸಲಕ್ಕೆ ನನ್ನ ತಾಳ್ಮೆ ಕೆಟ್ಟಿತು. "ಎಷ್ಟು ತಿರುಚ್ತೀಯಾ? ಕಾಲು ಸುತ್ತು ಬಂತಲ್ಲ!"

"ತಿರುಚೋವಾಗ ಅಲ್ಲ ಸಿಫು. ಬಿಡೋವಾಗ."

"ಏನು?"

"ತಿರುಚೋವಾಗ ನನ್ನ ಕೈ ಬಲಾನೂ ಸೇರ್ಕೊಂಡಿರುತ್ತೆ, ಅದನ್ನ ನಂಬಕ್ಕಾಗಲ್ಲ. ಬಿಟ್ಟಾಗ ಅದು ವಾಪಸ್ ಹೋಗುತ್ತಲ್ಲ, ಅದು ಅದರದ್ದೇ ಬಲ. ಅದನ್ನ ನೋಡ್ತೀನಿ."

ಮೂವತ್ತೆಂಟು ವರ್ಷ. ಬೆಲ್ಟು ವಾಪಸ್ ಹೋಗುವುದನ್ನು ನಾನು ಒಮ್ಮೆಯೂ ಗಮನಿಸಲಿಲ್ಲ. "ಯಾರು ಕಲಿಸಿದ್ರು?" ಎಂದೆ.

"ಯಾರೂ ಇಲ್ಲ. ನೀವು ಬಿಗಿ ಮಾಡಿ ಹೋದ್ಮೇಲೆ ದಿನಾ ನಾನೂ ಒಂದ್ಸಲ ಮುಟ್ಟಿ ನೋಡ್ತಿದ್ದೆ. ಹನ್ನೊಂದು ವರ್ಷ."

ಎಂಜಿನ್ ಚಾಲೂ ಮಾಡಿದರೆ ಬೆಲ್ಟಿನ ದನಿಯೇ ಇಲ್ಲ. ಕಿವಿ ಹತ್ತಿರ ಒಯ್ದೆ. ಇಲ್ಲ. ಇಷ್ಟು ಮೌನವಾಗಿ ಓಡುವ ಬೆಲ್ಟನ್ನು ನನ್ನ ಒಳ್ಳೆಯ ಕಾಲದಲ್ಲೂ ನಾನು ಕೂರಿಸಿದ್ದೇನೆಯೇ ಎಂದು ನೆನಪು ಮಾಡಿಕೊಂಡು ಕೂತಿದ್ದೇನೆ.

ಜುಲೈ 24

ಸಕ್ಕರೆ 10.8. ಡೈನೊದಲ್ಲಿ ಎಂಟು ಸಾವಿರದ ನಾನೂರು. ಬೆಲ್ಟು ಗೆರೆ ಎಳೆದ ಹಾಗಿತ್ತು.

ಜುಲೈ 27

ಬೆಳಕು ಹರಿಯುವ ಮೊದಲೇ ಇಪೋ ಬಿಟ್ಟು ಮೂವರೂ ಸೆಪಾಂಗ್ ಸೇರಿದೆವು. ಬಿಸಿಲು ಏರುವ ಹೊತ್ತಿಗೆ ಟ್ರ್ಯಾಕಿನ ಮೇಲೆ ಗಾಳಿ ಕುದಿಯುತ್ತಿತ್ತು.

ಮೊದಲ ಸುತ್ತುಗಳಲ್ಲಿ ಚಿಕ್ಗು ಮೆತ್ತಗೆ ಓಡಿಸಿ ಒಳಗೆ ಬಂದರು. ಕೆಂಪು ಟೆನ್ಷನರನ್ನು ಎಂಜಿನ್ ಬಿಸಿಯಿದ್ದಾಗ ಒಮ್ಮೆ ನೋಡಲೇಬೇಕು. ವಾಸುಗಿ ದಪ್ಪ ಬಟ್ಟೆ ಸುತ್ತಿಕೊಂಡು ಮೇಲಿನ ಕವರು ಬಿಚ್ಚಿದಳು. ಬಟ್ಟೆ ತೆಗೆದು ಬರಿಗೈಯಲ್ಲಿ ಬೆಲ್ಟು ತಿರುಚಿ ಬಿಟ್ಟಳು. ಮತ್ತೆ ತಿರುಚಿ ಬಿಟ್ಟಳು.

"ಬಿಗಿ ಇದೆ," ಎಂದಳು. "ಒಂಚೂರು ಸಡಿಲಿಸ್ತೀನಿ."

ನಿಜವಾದ ಓಟಕ್ಕೆ ಮುಂಚೆ ಬೆಲ್ಟು ಸಡಿಲಿಸುವುದೆಂದರೆ! ನನ್ನ ಜನ್ಮದಲ್ಲಿ ನಾನು ಮಾಡಿದವನಲ್ಲ. ಬಿಗಿ ಹೆಚ್ಚಾದರೆ ಬೇರಿಂಗು ತಿಂಗಳು ತಡೆದೀತು, ಸಡಿಲ ಹೆಚ್ಚಾದರೆ ಇವತ್ತೇ, ಆ ಉದ್ದನೆಯ ನೇರ ದಾರಿಯ ಕೊನೆಯಲ್ಲೇ. ಬೇಡ ಎನ್ನಲು ಬಾಯಿ ತೆರೆದೆ. ಅವಳ ಕಣ್ಣು ಮುಚ್ಚಿತ್ತು. ಬಾಯಿ ಮುಚ್ಚಿಕೊಂಡೆ. ಅವಳು ಬೋಲ್ಟನ್ನು ಕೂದಲೆಳೆಯಷ್ಟು ತಿರುಗಿಸಿ ಬಿಗಿದಳು.

ಚಿಕ್ಗು ಹೆಲ್ಮೆಟ್ಟಿನ ಒಳಗಿಂದ ನನ್ನನ್ನೇ ನೋಡುತ್ತಿದ್ದರು. "ಸಿಫು, ಹೋಗ್ಲಾ?"

ನನ್ನ ಕೈ ತನ್ನಷ್ಟಕ್ಕೆ ಬೆಲ್ಟಿನ ಕಡೆ ಹೋಯಿತು. ಹಿಂದಕ್ಕೆ ಎಳೆದು ಜೇಬಿಗೆ ಹಾಕಿಕೊಂಡೆ.

"ವಾಸುಗಿ ಸರಿ ಅಂದ್ರೆ ಸರಿ," ಎಂದೆ. "ಕೇಳಿ ಅವಳನ್ನ."

ಚಿಕ್ಗು ಕತ್ತು ತಿರುಗಿಸಿ ಅವಳನ್ನು ನೋಡಿದರು. ಇಷ್ಟು ದೊಡ್ಡ ಪ್ರಶ್ನೆ ಅವಳನ್ನು ಯಾರೂ ಕೇಳಿರಲಿಲ್ಲ. ಕೈ ಒರೆಸಿಕೊಂಡಳು, ಬೆಲ್ಟನ್ನು ಇನ್ನೊಮ್ಮೆ ತಿರುಚಿ ಬಿಟ್ಟಳು.

"ಹೋಗಿ ಚಿಕ್ಗು. ಪೂರ್ತಿ ಒತ್ತಿ."

ಗೋಡೆಯ ಹತ್ತಿರ ನಿಂತೆವು. ಕೊನೆಯ ತಿರುವು ದಾಟಿ ಬಿಳಿ ಕಾರು ನೇರ ದಾರಿಗೆ ಬಂತು. ಏಳು ಸಾವಿರ, ಏಳೂವರೆ, ಎಂಟು. ದನಿ ಏರುತ್ತಲೇ ಹೋಯಿತು, ಎಲ್ಲೂ ಒಡೆಯಲಿಲ್ಲ, ನಡುಗಲಿಲ್ಲ. ಎಂಟು ಸಾವಿರದ ನಾನೂರನ್ನು ಕಿವಿಯಲ್ಲೇ ಎಣಿಸಿದೆ. ನಮ್ಮೆದುರು ಹಾದುಹೋದಾಗ ನೆಲ ಕಾಲಿನಡಿ ಅದುರಿತು, ಸತ್ತ ಬೆರಳುಗಳಿಗೂ ಅದು ತಟ್ಟಿತೆಂದು ಆಣೆ ಮಾಡಿ ಹೇಳಬಲ್ಲೆ. ನಾನು ಅತ್ತೆ. ನಾಚಿಕೆಯಾಗಲಿಲ್ಲ. ಪಕ್ಕದಲ್ಲಿ ವಾಸುಗಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು.

ಎರಡು ನಿಮಿಷ ಇಪ್ಪತ್ತೊಂದು ಸೆಕೆಂಡು. ಚಿಕ್ಗು ಇಲ್ಲಿ ಇಷ್ಟು ಬೇಗ ಎಂದೂ ಸುತ್ತಿರಲಿಲ್ಲ.

ಕಾರು ನಿಲ್ಲುತ್ತಿದ್ದ ಹಾಗೆ ನಾಲ್ಕಾರು ಗ್ಯಾರೇಜಿನವರು ಮುತ್ತಿಕೊಂಡರು. ಜೊಹೋರಿನವನೊಬ್ಬ ನನ್ನ ತೋಳು ಹಿಡಿದ. "ಸಿಫು, ಒಳಗೆ ಕಂಪನಿಯದೋ, ಕೆಂಪಿನದೋ? ಹೊಗೆಯಾಡೋ ಬಿಸಿಲಲ್ಲಿ ಬಿಗಿ ಹೆಂಗೆ ಹಿಡಿದ್ರಿ?"

"ಕಾರಿಗೆ ತಕ್ಕ ಹಾಗೆ. ಅವಳನ್ನ ಕೇಳಿ, ಬೆಲ್ಟು ಕೂರಿಸಿದ್ದು ಅವಳು," ಎಂದೆ. ಗುಂಪು ಅತ್ತ ತಿರುಗಿತು. ವಾಸುಗಿ ತಡವರಿಸುತ್ತ ಶುರು ಮಾಡಿದಳು, ಆಮೇಲೆ ಕೈ ಎತ್ತಿ ತಿರುಚುವುದನ್ನೂ ಬಿಡುವುದನ್ನೂ ತೋರಿಸತೊಡಗಿದಳು. ಅರ್ಧ ಗಂಟೆಯಾದರೂ ಬಿಡಲಿಲ್ಲ ಅವರು. ಬೆಳಿಗ್ಗೆಯಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ತೆಂಗಿನಹಾಲಿನ ಅನ್ನ, ನಾಸಿ ಲೆಮಾಕ್ ಮಾರುವ ಅಂಗಡಿಯ ಮುಂದೆ ಸಾಲು ಉದ್ದ ಇತ್ತು, ಅವಳಿಗೊಂದು ಪೊಟ್ಟಣ ತರಲು ನಿಂತೆ. ನನ್ನ ಸರದಿ ಬಂದಾಗ ಅಂಗಡಿಯವಳು ಸಂಬಾಲ್ ಖಾರ ಹೆಚ್ಚಿಗೆ ಹಾಕಲೇ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ವಾಪಸ್ ಹೋಗಿ ವಾಸುಗಿಯನ್ನು ಕೇಳಿಕೊಂಡು ಬಂದು, ಮತ್ತೆ ಸಾಲಿನ ಕೊನೆಯಲ್ಲಿ ನಿಂತೆ.